ಗರ್ಭಕೋಶದ ಗಂಟು ಮತ್ತು ರಕ್ತಹೀನತೆ: ಯಾರಿಗೆ ಗುಳಿಗೆ, ಯಾರಿಗೆ ಇಂಜೆಕ್ಷನ್, ಯಾರಿಗೆ ಆಪರೇಷನ್

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫೈಬ್ರಾಯ್ಡ್', ರಕ್ತದ ರಿಪೋರ್ಟಿನಲ್ಲಿ ಎಚ್‌ಬಿ (ಹಿಮೋಗ್ಲೋಬಿನ್) 7.2. ಈ ಎರಡು ಕಾಗದ ಒಟ್ಟಿಗೆ ಕೈಗೆ ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಮೊದಲು ಏಳುವ ಮಾತು ಸಾಮಾನ್ಯವಾಗಿ ಒಂದೇ: "ಮಕ್ಕಳಂತೂ ಆಗ್ಯಾವ, ಚೀಲ (ಗರ್ಭಕೋಶ) ತೆಗಿಸಿ ಬಿಡೂಣು." ಕೆಲವರಿಗೆ ಅದು ಸರಿಯಾದ ದಾರಿಯೇ. ಬಹಳ ಮಂದಿಗೆ ಅಲ್ಲ, ಇಲ್ಲವೇ ಈಗಲೇ ಅಲ್ಲ.

ಗಂಟೂ ಇದೆ, ರಕ್ತವೂ ಕಡಿಮೆ ಇದೆ ಎಂದ ಮಾತ್ರಕ್ಕೆ ಗಂಟಿನಿಂದಲೇ ರಕ್ತ ಇಳಿದಿದೆ ಎನ್ನಲು ಬರುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ. ಗಂಟೂ ಅಷ್ಟೇ ಸಾಮಾನ್ಯ. 40 ದಾಟಿದವರ ಸ್ಕ್ಯಾನ್ ಮಾಡಿದರೆ ಯಾವ ತೊಂದರೆಯೂ ಕೊಡದೆ ಸುಮ್ಮನೆ ಕುಳಿತ ಗಂಟುಗಳು ಬೇಕಾದಷ್ಟು ಸಿಗುತ್ತವೆ. ಎರಡೂ ಒಂದೇ ಮೈಯಲ್ಲಿ ಕಾಕತಾಳೀಯವಾಗಿ ಇರಬಹುದು. ಹಾಗಾಗಿ ಚಿಕಿತ್ಸೆಗಳನ್ನು ಹೋಲಿಸುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬೇಕು: ಗಂಟು ಎಲ್ಲಿದೆ, ತಿಂಗಳಿಗೆ ಎಷ್ಟು ರಕ್ತ ಹೋಗುತ್ತಿದೆ, ಮುಂದೆ ಮಗು ಬೇಕೇ ಅಥವಾ ಮುಟ್ಟು ನಿಲ್ಲಲು ಇನ್ನೆಷ್ಟು ವರ್ಷವಿದೆ.

ಗಂಟಿನ ಗಾತ್ರಕ್ಕಿಂತ ಅದರ ಜಾಗ ಮುಖ್ಯ

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಟ್ಟಿ ಗಂಟು. ಕ್ಯಾನ್ಸರ್ ಅಲ್ಲ. ಗಂಟೆಂದುಕೊಂಡದ್ದು ಕ್ಯಾನ್ಸರ್ ಆಗಿ ಹೊರಬೀಳುವುದು ಬಲು ಅಪರೂಪ.

ಅದು ಗರ್ಭಕೋಶದ ಒಳಪೊರೆಯ ಕೆಳಗೆ ಬೆಳೆದು ಕುಹರದೊಳಕ್ಕೆ (ಗರ್ಭಕೋಶದ ಒಳಗಿನ ಪೊಳ್ಳಿಗೆ) ಚಾಚಿದ್ದರೆ 'ಸಬ್‌ಮ್ಯೂಕೋಸಲ್'. ಗೋಡೆಯ ದಪ್ಪದಲ್ಲೇ ಹುದುಗಿದ್ದರೆ 'ಇಂಟ್ರಾಮ್ಯುರಲ್'. ಹೊರಮೈಯಲ್ಲಿ ಉಬ್ಬಿದ್ದರೆ 'ಸಬ್‌ಸೆರೋಸಲ್'. ರಕ್ತ ಹೆಚ್ಚು ಹರಿಸುವುದು ಮೊದಲನೆಯದು. ಎರಡು ಸೆಂಟಿಮೀಟರಿನ ಸಬ್‌ಮ್ಯೂಕೋಸಲ್ ಗಂಟೇ ಎಚ್‌ಬಿಯನ್ನು 6ಕ್ಕೆ ಇಳಿಸಬಲ್ಲದು. ಹೊರಮೈಯ ಆರು ಸೆಂಟಿಮೀಟರಿನ ಗಂಟು ಹೊಟ್ಟೆ ಭಾರ ಮಾಡೀತು, ಮೂತ್ರಕ್ಕೆ ಪದೇ ಪದೇ ಎಬ್ಬಿಸೀತು, ಆದರೆ ಮುಟ್ಟಿನ ರಕ್ತ ಹೆಚ್ಚಿಸುವುದು ಕಡಿಮೆ. ಗೋಡೆಯ ಗಂಟು ದೊಡ್ಡದಾಗಿ ಕುಹರವನ್ನು ಒತ್ತಿದಾಗ, ರಕ್ತ ಸುರಿಯುವ ಒಳಪೊರೆಯ ವಿಸ್ತಾರವೂ ಹಿಗ್ಗುತ್ತದೆ, ಸ್ನಾಯು ಬಿಗಿದು ರಕ್ತನಾಳ ಮುಚ್ಚುವ ಕೆಲಸವೂ ಕೆಡುತ್ತದೆ.

ಆದ್ದರಿಂದ ರಿಪೋರ್ಟಿನಲ್ಲಿ 'ಫೈಬ್ರಾಯ್ಡ್ 2.8 × 2.5 ಸೆಂ.ಮೀ.' ಎಂದಷ್ಟೇ ಇದ್ದರೆ ಅದು ಅರ್ಧ ರಿಪೋರ್ಟು. ಯಾವ ಗೋಡೆ, ಟೈಪ್ ಎಷ್ಟು (0ಯಿಂದ 8ರವರೆಗೆ ಎಣಿಕೆ, 0, 1, 2 ಕುಹರದೊಳಕ್ಕೆ ಚಾಚಿದವು), ಒಳಪೊರೆಯನ್ನು ತಳ್ಳುತ್ತಿದೆಯೇ ಎಂಬುದನ್ನು ಬರೆಸಿಕೊಳ್ಳಿ. ಮದುವೆಯಾದವರಿಗೆ ಹೊಟ್ಟೆ ಮೇಲಿನ ಸ್ಕ್ಯಾನಿಗಿಂತ ಯೋನಿಮಾರ್ಗದ ಸ್ಕ್ಯಾನ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಆಗಲೂ ಅನುಮಾನ ಉಳಿದರೆ ಕುಹರಕ್ಕೆ ಸ್ವಲ್ಪ ಸಲಾಯಿನ್ ಬಿಟ್ಟು ಮಾಡುವ ಸ್ಕ್ಯಾನ್ ಇದೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಗಂಟುಗಳು ಬಹಳ ಇದ್ದು ಅವನ್ನಷ್ಟೇ ತೆಗೆಯುವ ಯೋಜನೆ ಇದ್ದಾಗ ಉಪಯೋಗಕ್ಕೆ ಬರುತ್ತದೆ.

'ಬಲ್ಕಿ ಯುಟೆರಸ್' ಎಂಬ ಎರಡು ಪದ ನೋಡಿಯೇ ಎಷ್ಟೋ ಮನೆಗಳಲ್ಲಿ ಗಾಬರಿ ಶುರುವಾಗುತ್ತದೆ. ಅದು ರೋಗದ ಹೆಸರೇ ಅಲ್ಲ. ಗರ್ಭಕೋಶ ಅಳತೆಗಿಂತ ತುಸು ದಪ್ಪವಿದೆ ಎಂದಷ್ಟೇ ಅರ್ಥ, ಎರಡು ಮೂರು ಹೆರಿಗೆಯಾದವರಲ್ಲಿ ಅದು ಸಹಜ. ಆದರೆ ದಪ್ಪದ ಜೊತೆಗೆ ಮುಟ್ಟಿನಲ್ಲಿ ಸಹಿಸಲಾಗದ ನೋವೂ ಇದ್ದರೆ ಅಡಿನೋಮಯೋಸಿಸ್ (ಒಳಪೊರೆಯ ಅಂಶ ಗೋಡೆಯ ಸ್ನಾಯುವಿನೊಳಗೂ ಬೆಳೆಯುವುದು) ಇದೆಯೇ ಎಂದು ಕೇಳಿ. ಚಿಕಿತ್ಸೆಯ ಆಯ್ಕೆ ಅಲ್ಲಿ ಬದಲಾಗುತ್ತದೆ.

ಎಷ್ಟು ಹೋಗುತ್ತಿದೆ, ಎಷ್ಟು ಒಳಬರುತ್ತಿದೆ

ಸಾಮಾನ್ಯ ಮುಟ್ಟಿನಲ್ಲಿ ಹೋಗುವುದು 30–40 ಮಿ.ಲೀ. ರಕ್ತ. 80 ದಾಟಿದರೆ ಅತಿಸ್ರಾವ. ಮನೆಯಲ್ಲಿ ಅಳೆಯಲು ಪ್ಯಾಡಿನ ಲೆಕ್ಕವಿದೆ: ತುಸು ಕಲೆಯಾದ ಪ್ಯಾಡಿಗೆ 1 ಅಂಕ, ಅರ್ಧ ನೆನೆದದ್ದಕ್ಕೆ 5, ಪೂರ್ತಿ ನೆನೆದದ್ದಕ್ಕೆ 20. ಸಣ್ಣ ಗಡ್ಡೆ ಬಿದ್ದರೆ 1, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗೆ 5. ಇಡೀ ಮುಟ್ಟಿನ ಮೊತ್ತ 100 ದಾಟಿದರೆ ಸ್ರಾವ ಹೆಚ್ಚು ಎಂದೇ ತಿಳಿಯಬೇಕು. ಪೂರ್ತಿ ನೆನೆದ 8 ಪ್ಯಾಡು, ಅರ್ಧ ನೆನೆದ 6, ಕಲೆಯಾದ 4 ಎಂದರೆ 160+30+4, ಅಂದರೆ 194. ಬಟ್ಟೆ ಬಳಸುವವರಿಗೆ ಈ ಅಂಕ ಹೊಂದುವುದಿಲ್ಲ. ಅವರು ದಿನಕ್ಕೆ ಎಷ್ಟು ಸಲ ಬದಲಿಸಿದೆ, ರಾತ್ರಿ ಎದ್ದು ಬದಲಿಸಬೇಕಾಯಿತೇ, ಹಾಸಿಗೆ ಕಲೆಯಾಯಿತೇ ಎಂದು ಬರೆದಿಟ್ಟರೂ ಡಾಕ್ಟರಿಗೆ ಸಾಕು. ಎರಡು ತಿಂಗಳ ಈ ಚೀಟಿ ಕೈಯಲ್ಲಿದ್ದರೆ "ಬಾಳ ಹೋಗತೈತ್ರಿ" ಎಂಬ ಮಾತಿಗೆ ತೂಕ ಬರುತ್ತದೆ.

ಇನ್ನು ಕಬ್ಬಿಣಾಂಶದ ಜಮಾಖರ್ಚು. ಆರೋಗ್ಯವಂತರ 1 ಮಿ.ಲೀ. ರಕ್ತದಲ್ಲಿ ಸುಮಾರು ಅರ್ಧ ಮಿ.ಗ್ರಾಂ ಕಬ್ಬಿಣ ಇರುತ್ತದೆ. 160 ಮಿ.ಲೀ. ಹೋದರೆ 80 ಮಿ.ಗ್ರಾಂ ಹೋಯಿತು. ಊಟದಿಂದ ಮೈಗೆ ಹತ್ತುವುದು ದಿನಕ್ಕೆ 1–2 ಮಿ.ಗ್ರಾಂ, ಅದರಲ್ಲೂ ಸುಮಾರು 1 ಮಿ.ಗ್ರಾಂ ಚರ್ಮ, ಕರುಳಿನ ನಿತ್ಯದ ಸವಕಳಿಗೇ ಸರಿಹೋಗುತ್ತದೆ. ಈ ಕೊರತೆ ತಿಂಗಳು ತಿಂಗಳೂ ಕೂಡುತ್ತ ಮೊದಲು ದಾಸ್ತಾನು (ಫೆರಿಟಿನ್) ಬರಿದಾಗುತ್ತದೆ, ಆಮೇಲೆ ಎಚ್‌ಬಿ ಇಳಿಯುತ್ತದೆ. ಇಳಿಕೆ ನಿಧಾನವಾದ್ದರಿಂದ ಮೈ ಒಗ್ಗಿಕೊಂಡುಬಿಡುತ್ತದೆ. ಎಚ್‌ಬಿ 6 ಇದ್ದವರೂ ಕಳೆ ಕೀಳುತ್ತ, ನೀರು ಹೊರುತ್ತ ಓಡಾಡಿಕೊಂಡಿರುತ್ತಾರೆ. ಸವದತ್ತಿ ಗುಡ್ಡದ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡಾಗಲೇ ಗೊತ್ತಾಗುವುದು. ಮಣ್ಣು, ಹಸಿ ಅಕ್ಕಿ, ಮಂಜುಗಡ್ಡೆ ತಿನ್ನಬೇಕೆನಿಸುವುದು, ಉಗುರು ಚಮಚದಂತೆ ತಗ್ಗಾಗುವುದು ಕಬ್ಬಿಣ ಬರಿದಾದ ಗುರುತು.

ತೂತು ಬಿದ್ದ ಕೊಡಕ್ಕೆ ನೀರು ತುಂಬುವುದೂ ಬೇಕು, ತೂತು ಮುಚ್ಚುವುದೂ ಬೇಕು. ನಾವು ಕಾಣುವ ಸೋಲುಗಳಲ್ಲಿ ಬಹುಪಾಲು ಇವೆರಡರಲ್ಲಿ ಒಂದನ್ನೇ ಮಾಡಿದ್ದರಿಂದ ಆದವು. ವರ್ಷಗಟ್ಟಲೆ ಐರನ್ ಗುಳಿಗೆ ನುಂಗಿ ಮುಟ್ಟಿನ ಮಾತು ಎತ್ತದವರು ಒಂದು ಕಡೆ. ಮುಟ್ಟು ನಿಲ್ಲಿಸುವ ಗುಳಿಗೆ ತಗೊಂಡು ಎಚ್‌ಬಿ ಮತ್ತೆ ನೋಡಿಸದವರು ಇನ್ನೊಂದು ಕಡೆ.

ಯಾವ ರಕ್ತಪರೀಕ್ಷೆ

ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಗರ್ಭ ನಿಂತಿಲ್ಲ ಎಂಬ ಮೂತ್ರಪರೀಕ್ಷೆ. ಇಷ್ಟು ಮೊದಲ ಸುತ್ತಿಗೆ ಸಾಕು. ಗರ್ಭಿಣಿಯಲ್ಲದ ಹೆಣ್ಣುಮಗಳಿಗೆ ಎಚ್‌ಬಿ 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಎಂದರೆ ತೀವ್ರ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಖಚಿತ. 30ರ ಕೆಳಗಿದ್ದರೂ ಬಹುತೇಕ ಡಾಕ್ಟರರು ಕೊರತೆ ಎಂದೇ ಹಿಡಿಯುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ನಿಂತಿರುತ್ತದೆ.

ಸಿಬಿಸಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ನೋಡಿ. 80ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕಡೆ ಬೆರಳು ತೋರುತ್ತದೆ. 100 ದಾಟಿದ್ದರೆ ಬಿ12 ಕೊರತೆ ಇರಬಹುದು, ಅದಕ್ಕೂ ಗಂಟಿಗೂ ಸಂಬಂಧವಿಲ್ಲ. ಎಂಸಿವಿ ಕಡಿಮೆ, ಫೆರಿಟಿನ್ ಸರಿ, ಐರನ್ ತಗೊಂಡರೂ ಎಚ್‌ಬಿ ಏರುತ್ತಿಲ್ಲ ಎಂದಾದರೆ ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ದೋಷ) ಅಂಶ ನೋಡುವ ಪರೀಕ್ಷೆ ಬೇಕು.

45 ದಾಟಿದವರಿಗೆ ಸ್ರಾವ ಹೆಚ್ಚಾದರೆ, ಮುಟ್ಟಿನ ನಡುವೆಯೂ ರಕ್ತ ಕಂಡರೆ, ಇಲ್ಲವೇ ಮುಟ್ಟು ನಿಂತು ವರ್ಷವಾದ ಮೇಲೆ ಹನಿ ರಕ್ತ ಕಂಡರೂ ಒಳಪೊರೆಯ ತುಣುಕು ತೆಗೆದು ಬಯಾಪ್ಸಿ ಮಾಡಿಸುವುದು ಮೊದಲು. ಗಂಟಿನ ಮಾತು ಆಮೇಲೆ.

ರಕ್ತ ತುಂಬಿಸಲು: ಗುಳಿಗೆ, ಐರನ್ ಸಲಾಯಿನ್, ರಕ್ತದ ಬಾಟಲಿ

ಎಚ್‌ಬಿ 10ರ ಮೇಲಿದ್ದು, ಆಪರೇಷನ್ ಅವಸರವಿಲ್ಲ ಎಂದರೆ ಗುಳಿಗೆಯೇ ಸಾಕು. 7ರಿಂದ 10ರ ನಡುವೆ ಇದ್ದರೆ ಸಮಯ ಮತ್ತು ಸ್ರಾವ ನೋಡಿ ನಿರ್ಧಾರ. ಸ್ರಾವ ಹತೋಟಿಗೆ ಬಂದಿದ್ದರೆ ಗುಳಿಗೆ, ಇಲ್ಲವಾದರೆ ಐರನ್ ಸಲಾಯಿನ್. 7ರ ಕೆಳಗೆ ಸಲಾಯಿನ್ ಅಥವಾ ರಕ್ತ.

ಸರ್ಕಾರಿ ದವಾಖಾನೆಯಲ್ಲಿ ಸಿಗುವ ಕೆಂಪು ಐಎಫ್‌ಎ ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇದನ್ನು ವಾರಕ್ಕೊಂದು ಕೊಡುವುದು ರಕ್ತಹೀನತೆ ಬಾರದಿರಲಿ ಎಂದು. ಬಂದ ಮೇಲೆ ವಾರಕ್ಕೊಂದು ಏನೇನೂ ಸಾಲದು. 60ರಲ್ಲಿ ಮೈಗೆ ಹತ್ತುವುದು ನೂರಕ್ಕೆ 10ರಿಂದ 20ರಷ್ಟು. ತಿಂಗಳಿಗೆ ನಾಲ್ಕು ಗುಳಿಗೆಯಿಂದ ಹೆಚ್ಚೆಂದರೆ 48 ಮಿ.ಗ್ರಾಂ ಬಂತು, ಹೋದದ್ದು 80. ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆ ತಪ್ಪದೆ ನುಂಗಿದರೂ ರಕ್ತ ಏರಲಿಲ್ಲ ಎನ್ನುವವರ ಲೆಕ್ಕ ಇಲ್ಲೇ ತಪ್ಪಿರುತ್ತದೆ.

ಚಿಕಿತ್ಸೆಗೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ 60–100 ಮಿ.ಗ್ರಾಂ ಕಬ್ಬಿಣ ಬೇಕು. ದಿನಕ್ಕೆ ಮೂರು ನುಂಗಿದರೆ ಬೇಗ ಏರುತ್ತದೆ ಎಂಬುದು ನಿಜವಲ್ಲ. ಒಂದು ಗುಳಿಗೆ ತಗೊಂಡ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಟ್ಟು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಮೈಗೆ ಹತ್ತದೆ ಉಳಿದ ಕಬ್ಬಿಣ ಕರುಳಲ್ಲೇ ಕುಳಿತು ಮಲಬದ್ಧತೆ, ಹೊಟ್ಟೆನೋವು ಮಾಡುತ್ತದೆ. ಹೊಟ್ಟೆಗೆ ಒಗ್ಗದವರಿಗೆ ದಿನ ಬಿಟ್ಟು ದಿನವೇ ಒಳ್ಳೆಯದು. ಮಲ ಕಪ್ಪಾಗುವುದು ಸಹಜ, ಹೆದರಿ ಬಿಡಬೇಡಿ.

ಗುಳಿಗೆ ತಗೊಳ್ಳುವ ವೇಳೆಯಲ್ಲೇ ಬಹಳ ಕೆಡುತ್ತದೆ. ಮುಂಜಾನೆ ಚಹಾದ ಜೊತೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ, ಆಸಿಡಿಟಿ ಗುಳಿಗೆಗಳಿಂದ ಎರಡು ತಾಸು ದೂರವಿಡಿ. ಊಟಕ್ಕೆ ಒಂದು ತಾಸು ಮುಂಚೆ ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ, ಇಂಡಿಯ ನಿಂಬೆ ಇರುವಾಗ ಬೇರೆ ವಿಟಮಿನ್ ಸಿ ಕೊಳ್ಳುವ ಹಂಗಿಲ್ಲ. ಹೊಟ್ಟೆ ತೊಳಸಿದರೆ ಊಟದ ಮೇಲೆ ತಗೊಳ್ಳಿ. ಹತ್ತುವುದು ಕಡಿಮೆಯಾದರೂ ಬಿಡುವುದಕ್ಕಿಂತ ಮೇಲು. ಸರಿಯಾಗಿ ಹತ್ತಿದರೆ ಮೂರು ನಾಲ್ಕು ವಾರದಲ್ಲಿ ಎಚ್‌ಬಿ ಸುಮಾರು 2 ಗ್ರಾಂ ಏರಬೇಕು. ಒಂದೂ ಏರದಿದ್ದರೆ ಗುಳಿಗೆಯ ಬ್ರ್ಯಾಂಡ್ ಬದಲಿಸುತ್ತ ಕೂಡಬೇಡಿ. ನುಂಗುತ್ತಿಲ್ಲ, ಹತ್ತುತ್ತಿಲ್ಲ, ಇಲ್ಲವೇ ಸೋರಿಕೆ ನಿಂತಿಲ್ಲ, ಈ ಮೂರರಲ್ಲಿ ಒಂದಿರುತ್ತದೆ. ಎಚ್‌ಬಿ 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಿದರಷ್ಟೇ ದಾಸ್ತಾನು ತುಂಬುವುದು.

ಊಟದ ಬಗ್ಗೆ ಎರಡೇ ಮಾತು. ಸಜ್ಜೆ, ಗುರೆಳ್ಳು, ಮೊಳಕೆ ಬಂದ ಮಡಕಿಕಾಳು, ಪುಂಡಿಪಲ್ಲೆ, ರಾಜಗಿರಿ ಇವು ಒಳ್ಳೆಯವೇ. ಮಾಂಸ ತಿನ್ನುವವರಿಗೆ ಲಿವರ್ ಇನ್ನೂ ಚೆನ್ನಾಗಿ ಹತ್ತುತ್ತದೆ. ಬೀಟ್‌ರೂಟ್ ಕೆಂಪಗಿದೆ ಎಂಬುದು ಬಿಟ್ಟರೆ ಅದರಲ್ಲಿ ಕಬ್ಬಿಣ ಹೆಚ್ಚೇನಿಲ್ಲ. ಎಚ್‌ಬಿ 7 ಇದ್ದವರನ್ನು ಮಹಾಲಿಂಗಪುರದ ಬೆಲ್ಲ, ಶೇಂಗಾ ಉಂಡೆಯಿಂದಲೇ 12ಕ್ಕೆ ಏರಿಸುತ್ತೇವೆ ಎನ್ನುವುದು ಆಗದ ಮಾತು.

ಐರನ್ ಸಲಾಯಿನ್‌ನಲ್ಲಿ ನಮ್ಮ ಕಡೆ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ: ಐರನ್ ಸುಕ್ರೋಸ್ ಮತ್ತು ಎಫ್‌ಸಿಎಂ (ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್). ಎಷ್ಟು ಬೇಕೆಂಬುದಕ್ಕೆ ಸೂತ್ರವಿದೆ: ತೂಕ × ಏರಬೇಕಾದ ಎಚ್‌ಬಿ × 2.4, ಅದಕ್ಕೆ ದಾಸ್ತಾನಿಗೆಂದು 500 ಕೂಡಿಸಬೇಕು. 50 ಕೆ.ಜಿ. ತೂಕದವರನ್ನು 7ರಿಂದ 12ಕ್ಕೆ ಏರಿಸಲು 50 × 5 × 2.4 = 600, ಜೊತೆಗೆ 500, ಒಟ್ಟು 1,100 ಮಿ.ಗ್ರಾಂ. ಸುಕ್ರೋಸ್ ಒಂದು ಸಲಕ್ಕೆ 200 ಮಿ.ಗ್ರಾಂ, 100 ಮಿ.ಲೀ. ನಾರ್ಮಲ್ ಸಲಾಯಿನ್‌ನಲ್ಲಿ, ದಿನ ಬಿಟ್ಟು ದಿನ, ವಾರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಎಂದರೆ ಐದಾರು ಸಲ ಬರಬೇಕು. ಎಫ್‌ಸಿಎಂ ಅನ್ನು ಒಮ್ಮೆಗೇ 1,000 ಮಿ.ಗ್ರಾಂವರೆಗೆ, 15 ನಿಮಿಷದಲ್ಲಿ ಕೊಡಬಹುದು (ಕೆ.ಜಿ.ಗೆ 20 ಮಿ.ಗ್ರಾಂ ಮಿತಿ), ಉಳಿದರೆ ಮುಂದಿನ ವಾರ. ಸುಕ್ರೋಸ್ ಅಗ್ಗ, ಎಫ್‌ಸಿಎಂ ದುಬಾರಿ. ಆದರೆ ಸಿಂದಗಿಯ ಹಳ್ಳಿಯಿಂದ ವಿಜಯಪುರಕ್ಕೆ ಐದು ಸಲ ಬರುವವರಿಗೆ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದರೂ ಐದು ದಿನದ ಕೂಲಿ ಹೋಗುತ್ತದೆ, ಮೂರನೇ ಸಲಕ್ಕೆ ಬರುವುದನ್ನೇ ಬಿಡುವವರೂ ಇದ್ದಾರೆ. ಅಂಥವರಿಗೆ ದುಬಾರಿಯದೇ ಅಗ್ಗ ಬೀಳುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಸುಕ್ರೋಸ್ ಸಿಗುವುದಾದರೆ ಅದೇ ಸಾಕು.

ಐರನ್ ಸಲಾಯಿನ್ ಹಚ್ಚುವಾಗ ನಿಗಾ ಬೇಕಾದ ಜಾಗಗಳಿವೆ. ಸೂಜಿ ನರದಿಂದ ಜಾರಿದರೆ ಚರ್ಮದ ಮೇಲೆ ಕಂದು ಕಲೆ ಬಿದ್ದು ವರ್ಷಗಟ್ಟಲೆ ಉಳಿಯುತ್ತದೆ. ಉರಿ, ಊತ ಕಂಡ ತಕ್ಷಣ ನರ್ಸಿಗೆ ಹೇಳಿ ನಿಲ್ಲಿಸಿ. ಅಲರ್ಜಿ ಅಪರೂಪ, ಆದರೂ ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಕೂಡಿಸಬೇಕು. ಆಕ್ಸಿಜನ್, ಅಡ್ರಿನಲಿನ್ ಇಲ್ಲದ ಕ್ಲಿನಿಕ್ಕಿನಲ್ಲಾಗಲಿ, ಮನೆಯಲ್ಲಾಗಲಿ ಬೇಡ. ಎಫ್‌ಸಿಎಂ ಪದೇ ಪದೇ ತಗೊಂಡವರಲ್ಲಿ ರಂಜಕದ ಅಂಶ ಇಳಿದು ಮೈಕೈ ನೋವು, ಸುಸ್ತು ಹೆಚ್ಚಾಗುವುದುಂಟು. ಜ್ವರ ಇದ್ದಾಗ, ಗರ್ಭದ ಮೊದಲ ಮೂರು ತಿಂಗಳಲ್ಲಿ ಯಾವ ಐರನ್ ಸಲಾಯಿನ್ನೂ ಬೇಡ.

ರಕ್ತ ಏರಿಸುವುದು ಬೇಗ ಆಗುವ ಕೆಲಸ, ಆದರೆ ಕೊನೆಯ ದಾರಿ. ಒಂದು ಬಾಟಲಿಗೆ ಎಚ್‌ಬಿ ಸುಮಾರು 1 ಗ್ರಾಂ ಏರುತ್ತದೆ, 200–250 ಮಿ.ಗ್ರಾಂ ಕಬ್ಬಿಣ ಸಿಗುತ್ತದೆ. ಅದು ಎರಡು ಮೂರು ಜೋರು ಮುಟ್ಟಿಗೆ ಮುಗಿದುಹೋಗುತ್ತದೆ. ಹಾಗಾಗಿ ಎರಡು ಬಾಟಲಿ ಹಾಕಿಸಿಕೊಂಡು ಮನೆಗೆ ಹೋಗಿ ಮೂರು ತಿಂಗಳಿಗೆ ಮತ್ತೆ ಬರುವ ಸುತ್ತು. ಎಚ್‌ಬಿ 7ರ ಕೆಳಗಿದ್ದು ಕುಳಿತಲ್ಲೇ ಏದುಸಿರು, ಎದೆನೋವು, ತಲೆಸುತ್ತು ಇದ್ದರೆ, ಸ್ರಾವ ನಿಲ್ಲದೇ ಇದ್ದರೆ, ನಾಳೆಯೇ ಆಪರೇಷನ್ ಅನಿವಾರ್ಯವಾದರೆ ರಕ್ತ ಬೇಕೇ ಬೇಕು. ಬಹುಕಾಲ 5–6 ಇದ್ದವರಿಗೆ ಅವಸರದಲ್ಲಿ ಎರಡು ಮೂರು ಬಾಟಲಿ ಸುರಿದರೆ ಹೃದಯಕ್ಕೆ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಒಂದೊಂದೇ ಬಾಟಲಿ, ನಿಧಾನವಾಗಿ, ಆದರೆ ನಾಲ್ಕು ತಾಸಿನೊಳಗೆ.

ಸ್ರಾವ ತಗ್ಗಿಸುವ ಔಷಧಗಳು

ಹಾರ್ಮೋನ್ ಇಲ್ಲದ್ದು ಎಂದರೆ ಟ್ರಾನೆಕ್ಸಾಮಿಕ್ ಆಸಿಡ್. 500 ಮಿ.ಗ್ರಾಂ ಗುಳಿಗೆ ಎರಡೆರಡು, ದಿನಕ್ಕೆ ಮೂರು ಸಲ, ಸ್ರಾವ ಜೋರಿರುವ ದಿನಗಳಲ್ಲಿ ಮಾತ್ರ, ನಾಲ್ಕೈದು ದಿನ. ಸ್ರಾವ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಎಲ್ಲರೂ ಮಾಡುವ ತಪ್ಪು ಎಂದರೆ ಮೂರನೇ ದಿನ ಮೈ ತೊಯ್ದ ಮೇಲೆ ಒಂದು ಗುಳಿಗೆ ನುಂಗುವುದು. ಮೊದಲ ದಿನವೇ ಪೂರ್ಣ ಪ್ರಮಾಣದಲ್ಲಿ ಶುರುಮಾಡಿದರಷ್ಟೇ ಕೆಲಸ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಕ್ವ ಹೊಡೆದವರು ತಗೊಳ್ಳಬಾರದು; ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು. ಮೆಫೆನಾಮಿಕ್ ಆಸಿಡ್ ನೋವಿಗೆ ಒಳ್ಳೆಯದು, ಸ್ರಾವಕ್ಕೆ ಅಷ್ಟಕ್ಕಷ್ಟೇ. ಮಗು ಬೇಕೆನ್ನುವವರಿಗೆ, ಆಪರೇಷನ್ನಿಗೆ ಕಾಯುವವರಿಗೆ ಟ್ರಾನೆಕ್ಸಾಮಿಕ್ ಮೊದಲ ಆಯ್ಕೆ. ಗಂಟನ್ನು ಇದು ಕರಗಿಸುವುದಿಲ್ಲ.

ನಾರೆಥಿಸ್ಟೆರಾನ್ 5 ಮಿ.ಗ್ರಾಂ, ಜಾತ್ರೆ ಮದುವೆಗೆ ಮುಟ್ಟು ಮುಂದಕ್ಕೆ ಹಾಕಲು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅದೇ ಗುಳಿಗೆ. ಜೋರು ಸ್ರಾವ ನಿಲ್ಲಿಸಲು ದಿನಕ್ಕೆ ಮೂರರಂತೆ 21 ದಿನ ಕೊಡುತ್ತಾರೆ. ಆ ತಿಂಗಳಿಗೆ ಸರಿ. ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಮತ್ತೆ ಬರುತ್ತದೆ, ಅದಕ್ಕೆ ಹೆದರಿ ತಾವೇ ಮತ್ತೊಂದು ಪಟ್ಟಿ ಶುರುಮಾಡುವುದು ಬೇಡ. ಗರ್ಭನಿರೋಧಕ ಸಂಯುಕ್ತ ಗುಳಿಗೆ 35ರೊಳಗಿನ, ಬಿಪಿ ಇಲ್ಲದವರಿಗೆ ಹೊಂದುತ್ತದೆ.

ಮುಟ್ಟು ನಿಲ್ಲಲು ಇನ್ನೂ ಐದಾರು ವರ್ಷ ಇರುವವರಿಗೆ, ಕುಹರದ ಆಕಾರ ಕೆಡದಿದ್ದರೆ, ಗಂಟು 3 ಸೆಂ.ಮೀ.ಗಿಂತ ಸಣ್ಣದಿದ್ದರೆ ನಾವು ಮೊದಲು ಹೇಳುವುದು ಲೆವೊನಾರ್ಜೆಸ್ಟ್ರೆಲ್ ಇರುವ ಹಾರ್ಮೋನ್ ಸಾಧನ (52 ಮಿ.ಗ್ರಾಂ, ಮಿರೇನಾ ಎಂಬ ಹೆಸರು ಹೆಚ್ಚು ಪರಿಚಿತ). ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಅಡಿನೋಮಯೋಸಿಸ್‌ಗೂ ಚೆನ್ನಾಗಿ ಒಗ್ಗುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ರಕ್ತ ಕಾಣಿಸಿಕೊಂಡು ಬೇಸರ ತರಿಸುತ್ತದೆ. ಅಷ್ಟರಲ್ಲೇ ತೆಗೆಸಿದರೆ ದುಡ್ಡೂ ಹೋಯಿತು, ಫಲವೂ ಇಲ್ಲ. ಕುಹರದಲ್ಲಿ ಗಂಟು ಚಾಚಿದ್ದರೆ ಇದು ಜಾರಿ ಬೀಳಬಹುದು. ಮುಖ್ಯವಾಗಿ, ಇದು ಸರ್ಕಾರಿ ದವಾಖಾನೆಯಲ್ಲಿ ಹಾಕುವ ಕಾಪರ್-ಟಿ ಅಲ್ಲ. ಕಾಪರ್-ಟಿ ಸ್ರಾವವನ್ನು ಹೆಚ್ಚಿಸುತ್ತದೆ. ಗಂಟು ಇದ್ದು ರಕ್ತ ಇಳಿಯುತ್ತಿರುವವರ ಒಳಗೆ ಅದು ಇದ್ದರೆ ಮೊದಲು ಅದನ್ನು ತೆಗೆಸುವ ಮಾತಾಡಬೇಕು.

ಲೂಪ್ರೊಲೈಡ್ ಇಂಜೆಕ್ಷನ್ (3.75 ಮಿ.ಗ್ರಾಂ, ನಾಲ್ಕು ವಾರಕ್ಕೊಂದು) ಮುಟ್ಟನ್ನೇ ನಿಲ್ಲಿಸಿ ಗಂಟನ್ನೂ ಕುಗ್ಗಿಸುತ್ತದೆ. ಆದರೆ ಬಿಟ್ಟ ಮೇಲೆ ಗಂಟು ಮತ್ತೆ ಬೆಳೆಯುತ್ತದೆ, ಆರು ತಿಂಗಳು ಮೀರಿದರೆ ಮೂಳೆ ಸವೆಯುತ್ತದೆ. ಇದರ ಜಾಗ ಒಂದೇ: ಆಪರೇಷನ್ನಿಗೆ ಮುಂಚೆ ಎರಡು ಮೂರು ತಿಂಗಳು ಸ್ರಾವ ನಿಲ್ಲಿಸಿ, ಆ ಬಿಡುವಿನಲ್ಲಿ ಎಚ್‌ಬಿ ಏರಿಸಿಕೊಳ್ಳುವುದು. ಮೊದಲ ಇಂಜೆಕ್ಷನ್ ಆದ ಹತ್ತು ಹದಿನೈದು ದಿನಕ್ಕೆ ಒಮ್ಮೆ ಜೋರು ಸ್ರಾವ ಆಗಬಹುದು ಎಂಬುದನ್ನು ಮೊದಲೇ ತಿಳಿದಿರಬೇಕು.

ಆಪರೇಷನ್‌ಗಳಲ್ಲಿ ಯಾವುದು

ಎಲ್ಲಕ್ಕೂ ಮುಂಚೆ ಒಂದು ಷರತ್ತು. ಅವಸರವಿಲ್ಲದ ಆಪರೇಷನ್ನಿಗೆ ಎಚ್‌ಬಿ 10 ದಾಟಿರಲಿ, 12 ಆದರೆ ಇನ್ನೂ ಒಳ್ಳೆಯದು. ಐರನ್ ಸಲಾಯಿನ್ ಹಾಕಿಸಿ ಮೂರು ನಾಲ್ಕು ವಾರ ಕಾದರೆ ರಕ್ತದ ಬಾಟಲಿ ಉಳಿಯುತ್ತದೆ, ಗಾಯಕ್ಕೆ ಸೋಂಕು ತಗಲುವುದೂ ಕಡಿಮೆ. "ಇವತ್ತೇ ಅಡ್ಮಿಟ್ ಆಗ್ರಿ, ರಕ್ತ ಹಾಕಿ ನಾಳೆ ತೆಗೆದು ಬಿಡೂಣು" ಎಂದರೆ, ಸ್ರಾವ ನಿಂತಿದ್ದಾಗ, ಏಕೆ ಇಷ್ಟು ಅವಸರ ಎಂದು ಕೇಳುವ ಹಕ್ಕು ನಿಮಗಿದೆ.

ಟೈಪ್ 0, 1 ಗಂಟಾಗಿದ್ದು 3–4 ಸೆಂ.ಮೀ. ಒಳಗಿದ್ದರೆ ಹಿಸ್ಟಿರೋಸ್ಕೋಪಿಯನ್ನು ಮೀರಿಸಿದ್ದಿಲ್ಲ. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ದೂರ್ಬೀನು ಹಾಕಿ ಗಂಟನ್ನು ಕೆರೆದು ತೆಗೆಯುತ್ತಾರೆ. ಅದೇ ದಿನ ಅಥವಾ ಮರುದಿನ ಮನೆಗೆ, ವಾರದೊಳಗೆ ಕೆಲಸಕ್ಕೆ. ಟೈಪ್ 2 ಆದರೆ ಎರಡು ಸಲ ಮಾಡಬೇಕಾಗಬಹುದು. ಕುಹರ ಹಿಗ್ಗಿಸಲು ಬಿಡುವ ದ್ರವ ರಕ್ತಕ್ಕೆ ಸೇರಿಹೋಗುವುದೇ ಇದರ ಅಪಾಯ. ಸಲಾಯಿನ್ ಆದರೆ 2.5 ಲೀಟರ್, ಗ್ಲೈಸಿನ್ ಆದರೆ 1 ಲೀಟರ್ ಒಳಗೆ ಉಳಿದರೆ ಗಂಟು ಅರ್ಧ ಬಾಕಿ ಇದ್ದರೂ ನಿಲ್ಲಿಸಲೇಬೇಕು. ಆಗ "ಪೂರ್ತಿ ತೆಗೀಲಿಲ್ಲ" ಎಂದು ಡಾಕ್ಟರ ಮೇಲೆ ಸಿಟ್ಟಾಗುವುದು ತರವಲ್ಲ, ನಿಲ್ಲಿಸಿದ್ದೇ ಜಾಣತನ.

ಮಗು ಬೇಕೆನ್ನುವವರಿಗೆ, ಗೋಡೆಯಲ್ಲಿ ದೊಡ್ಡ ಗಂಟು ಇದ್ದರೆ ಮಯೋಮೆಕ್ಟಮಿ: ಗಂಟು ಮಾತ್ರ ತೆಗೆದು ಗರ್ಭಕೋಶ ಹೊಲಿಯುವುದು. ಒಂದೆರಡು ಗಂಟಿದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ, ಹತ್ತಾರು ಇದ್ದರೆ ಹೊಟ್ಟೆ ತೆರೆದು. ರಕ್ತ ಹೋಗುವ ಆಪರೇಷನ್ ಇದೇ, ಹಾಗಾಗಿ ಎಚ್‌ಬಿ ಷರತ್ತು ಇಲ್ಲಿ ಇನ್ನೂ ಬಿಗಿ. ಸಣ್ಣ ಬೀಜಗಂಟುಗಳು ಉಳಿದು ಕೆಲ ವರ್ಷಕ್ಕೆ ಮತ್ತೆ ಬೆಳೆಯಬಹುದು. ಗರ್ಭ ಧರಿಸಲು ಮೂರರಿಂದ ಆರು ತಿಂಗಳು ಕಾಯಬೇಕು, ಗೋಡೆಯ ಪೂರ್ಣ ದಪ್ಪ ಕೊಯ್ದಿದ್ದರೆ ಹೆರಿಗೆ ಸಿಸೇರಿಯನ್ನೇ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇದನ್ನು ಬರೆಸಿಕೊಂಡು ಜೋಪಾನ ಮಾಡಿ.

ಗರ್ಭಕೋಶದ ರಕ್ತನಾಳಕ್ಕೆ ಸಣ್ಣ ಕಣ ತುಂಬಿ ಗಂಟನ್ನು ಒಣಗಿಸುವ ಎಂಬೊಲೈಸೇಷನ್, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಇರುವಲ್ಲಿ ಮಾತ್ರ ಆಗುವಂಥದ್ದು. ಆಪರೇಷನ್ ತಾಳಲಾರದವರಿಗೆ, ಗರ್ಭಕೋಶ ಕಳೆದುಕೊಳ್ಳಲು ಒಲ್ಲದವರಿಗೆ ಒಳ್ಳೆಯದು. ಮೊದಲ ದಿನದ ನೋವು ಕಡು, ಕೆಲವು ದಿನ ಜ್ವರ ಇರುತ್ತದೆ, ಮುಂದಿನ ವರ್ಷಗಳಲ್ಲಿ ಒಂದಷ್ಟು ಜನಕ್ಕೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಮಗು ಬೇಕೆನ್ನುವವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ.

ಗರ್ಭಕೋಶ ತೆಗೆಸುವುದು, ಅಂದರೆ ಹಿಸ್ಟರೆಕ್ಟಮಿ, ಗಂಟಿನ ಸ್ರಾವಕ್ಕೆ ಶಾಶ್ವತ ಉತ್ತರ, ಅದರಲ್ಲಿ ಎರಡು ಮಾತಿಲ್ಲ. 40 ದಾಟಿ, ಮಕ್ಕಳ ಆಸೆ ಮುಗಿದು, ಔಷಧ ಅಥವಾ ಹಾರ್ಮೋನ್ ಸಾಧನ ಸೋತು, ಗಂಟುಗಳು ದೊಡ್ಡವಿದ್ದರೆ ಅದನ್ನೇ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ 47ರವರು ಎರಡು ಮೂರು ವರ್ಷ ಔಷಧದಲ್ಲಿ ದೂಡಿದರೆ ಮುಟ್ಟು ತಾನೇ ನಿಂತು ಗಂಟೂ ಕುಗ್ಗುವ ಸಂಭವವಿದೆ. 32ರವರಿಗೆ 3 ಸೆಂ.ಮೀ. ಗಂಟು, ಎಚ್‌ಬಿ 8 ಎಂಬ ಕಾರಣಕ್ಕೆ ಚೀಲ ತೆಗೆಯುವುದು ಅನ್ಯಾಯ. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಸುದ್ದಿ 2019ರಲ್ಲಿ ದೇಶವೆಲ್ಲ ಕೇಳಿದೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. 40ರೊಳಗಿನವರಿಗೆ ಎರಡನೇ ಡಾಕ್ಟರ ಅಭಿಪ್ರಾಯ ಇಲ್ಲದೆ ಸಹಿ ಬೇಡ.

ಸಹಿ ಮಾಡುವ ಮುಂಚೆ ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ, ಒಪ್ಪಿಗೆ ಪತ್ರದಲ್ಲಿ ಬರೆಸಿ. ಕಾರಣವಿಲ್ಲದೆ ಅವನ್ನೂ ತೆಗೆದರೆ ಮರುವಾರದಿಂದಲೇ ಮೈ ಬಿಸಿಯೇರುವುದು, ನಿದ್ದೆಗೆಡುವುದು ಶುರುವಾಗಿ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಯೋನಿಮಾರ್ಗ ಇಲ್ಲವೇ ಲ್ಯಾಪ್ರೋಸ್ಕೋಪಿಯಲ್ಲಿ ಆದರೆ ಮೂರು ನಾಲ್ಕು ವಾರಕ್ಕೆ, ಹೊಟ್ಟೆ ಕೊಯ್ದರೆ ಆರು ವಾರಕ್ಕೆ ಚೇತರಿಕೆ. ಆ ಆರು ವಾರ ಕೊಡ ಹೊರುವಂತಿಲ್ಲ, ಕಬ್ಬಿನ ಸೂಡು ಎತ್ತುವಂತಿಲ್ಲ, ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಒತ್ತುವಂತಿಲ್ಲ. ಕಬ್ಬಿನ ಹಂಗಾಮು ಮುಗಿದ ಮೇಲೆ ದಿನ ಗೊತ್ತುಮಾಡಿಕೊಂಡರೆ ಮನೆಗೂ ಹಗುರ.

ಎಲ್ಲಿಗೆ ಹೋಗುವುದು

ಗುಳಿಗೆ, ಸಿಬಿಸಿಗೆ ಪಿಎಚ್‌ಸಿ ಸಾಕು. ಸ್ಕ್ಯಾನ್, ಐರನ್ ಸಲಾಯಿನ್‌ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹಿಸ್ಟಿರೋಸ್ಕೋಪಿ, ಮಯೋಮೆಕ್ಟಮಿಯಂಥವಕ್ಕೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಕೇಳಿ: ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆ ನವನಗರದಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಪಡೆಯಿರಿ. ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ಮೇಲೆ ಚೀಟಿಗೆ ಓಡಾಡಿದರೆ ಕೆಲಸ ಕೆಡುತ್ತದೆ. ರೇಷನ್ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನ್, ಪ್ಯಾಡಿನ ಲೆಕ್ಕದ ಚೀಟಿ ಒಂದೇ ಫೈಲಿನಲ್ಲಿರಲಿ.

ತಾಸಿಗೊಂದರಂತೆ ಪ್ಯಾಡು ನೆನೆಯುತ್ತ ಎರಡು ತಾಸು ದಾಟಿದರೆ, ನಿಂತರೆ ಕಣ್ಣು ಕತ್ತಲೆ ಬಂದರೆ, ಕುಳಿತಲ್ಲೇ ಉಸಿರು ಸಾಲದಿದ್ದರೆ ಇವಾವುದೂ ಬೇಡ, 108ಕ್ಕೆ ಫೋನ್ ಮಾಡಿ.

ಸ್ರಾವ ನಿಂತ ಮೇಲೆ

ಗಂಟು ತೆಗೆಸಿದರೂ, ಚೀಲವನ್ನೇ ತೆಗೆಸಿದರೂ ಬರಿದಾದ ದಾಸ್ತಾನು ತಾನಾಗಿ ತುಂಬುವುದಿಲ್ಲ. ಐರನ್ ಮೂರು ತಿಂಗಳು ಮುಂದುವರಿಯಬೇಕು. ಒಂದು ತಿಂಗಳಿಗೆ ಸಿಬಿಸಿ, ಮೂರು ತಿಂಗಳಿಗೆ ಸಿಬಿಸಿ ಮತ್ತು ಫೆರಿಟಿನ್ ಮಾಡಿಸಿ. ಮುಟ್ಟಿನ ಸ್ರಾವ ನಿಂತೂ ಎಚ್‌ಬಿ ಏರದೆ, ಅಥವಾ ಏರಿದ್ದು ಮತ್ತೆ ಇಳಿದರೆ ಸೋರಿಕೆ ಬೇರೆಡೆ ಇದೆ ಎಂದರ್ಥ. ಮೂಲವ್ಯಾಧಿ ಇದೆಯೇ, ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರಾದರೆ ಕೊಕ್ಕೆಹುಳು ಇದೆಯೇ (ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದು ಗುಳಿಗೆ), ಮೊಣಕಾಲು ನೋವಿಗೆಂದು ದಿನವೂ ನುಂಗುವ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿದೆಯೇ ನೋಡಬೇಕು. ಅಲ್ಲೂ ಸಿಗದಿದ್ದರೆ ಎಂಡೋಸ್ಕೋಪಿ, ಕೊಲನೋಸ್ಕೋಪಿ.